ಎತ್ತದ ಫೋನಿನ ಖರ್ಚು

ಇವತ್ತಿಗೂ ಯಾರಾದರೂ "ಬಿಲ್ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ ಬಿಡಿ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಲ್ ನೋಡಿದರೆ ಖರ್ಚು ಮಾಡಿದ್ದು ಗೊತ್ತಾಗುತ್ತದೆ, ಅಷ್ಟೆ. ತಲೆ ಓಡಿಸಿ ಖರ್ಚಾಗದ ಹಾಗೆ ನೋಡಿಕೊಂಡದ್ದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಇಷ್ಟು ಸಣ್ಣ ಸತ್ಯ ದೊಡ್ಡ ಕುರ್ಚಿಯ ಮೇಲೆ ಕೂತವರೊಬ್ಬರಿಗೆ ಹೊಳೆಯದೆ ಹೋದದ್ದಕ್ಕೆ, ನಾನು ಮುಳ್ಳು ತುಳಿದು ಕಟ್ಟಿದ ವ್ಯಾಪಾರ ನನ್ನದೇ ಅಲ್ಲ, ನನ್ನ ಗಂಡನದು ಅನ್ನುವ ಮಾತನ್ನು ನಾನೇ ಕೂತು ಕೇಳಬೇಕಾಯಿತು. ಗಂಡನ ನೌಕರಿಗೆ ಸಂಚಕಾರ ಬರುವುದೂ ಕೂದಲೆಳೆಯಲ್ಲಿ ತಪ್ಪಿತು. ಎಲ್ಲಾ ಒಂದು ಮೊಬೈಲ್ ಫೋನಿನ ಖರ್ಚನ್ನು ವ್ಯಾಪಾರದ ಖರ್ಚು ಅಂತ ತೋರಿಸಿದ್ದಕ್ಕೆ.

ನನ್ನದು ನೀಲಗಿರಿ ಕಂಬದ ವ್ಯಾಪಾರ. ಹೊಸಕೋಟೆ ತಾಲ್ಲೂಕಿನಲ್ಲಿ ಆಗ ರಾಗಿ ಹೊಲದ ಸಮಕ್ಕೆ ನೀಲಗಿರಿ ತೋಪುಗಳಿದ್ದವು. ಬೆಂಗಳೂರಲ್ಲಿ ಮನೆ ಮೇಲೆ ಮನೆ ಏಳುತ್ತಿತ್ತು. ತಾರಸಿಗೆ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಹಲಗೆ ಕುಸಿಯದ ಹಾಗೆ ಕೆಳಗಿನಿಂದ ಆನಿಸಿ ನಿಲ್ಲಿಸುತ್ತಾರಲ್ಲ, ಆ ಕಂಬಗಳು ನಮ್ಮ ತೋಪಿನವು. ಮದುವೆಯಾಗಿ ಬಂದ ಹೊಸದರಲ್ಲಿ, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ಉದುರಿದ ನೀಲಗಿರಿ ಎಲೆ ಗುಡಿಸಿ ಮೂಟೆ ಕಟ್ಟಿ ಇಟ್ಟಿಗೆ ಗೂಡಿನವರಿಗೆ ಮಾರುತ್ತಿದ್ದೆ. ಎಲೆಯಿಂದ ಸೌದೆಗೆ ಬಂದೆ, ಸೌದೆಯಿಂದ ಕಂಬಕ್ಕೆ ಬಂದೆ. ಯಾರೂ ಕೈ ಹಿಡಿದು ಕರೆತರಲಿಲ್ಲ. ತೋಪು ಕೊಳ್ಳೋಕೆ ಹೆಂಗಸು ಬಂದವ್ಳೆ ಅಂತ ನಕ್ಕವರ ತೋಪನ್ನೇ ಮೊದಲು ಕೊಂಡೆ. ನಗುವವನು ಲೆಕ್ಕದ ಮೇಲೆ ಗಮನ ಇಟ್ಟಿರುವುದಿಲ್ಲ.

ತೋಪು ಕೊಳ್ಳುವುದು ನಿಂತ ಮರದ ಮೇಲೆ, ಕಣ್ಣಳತೆಯಲ್ಲಿ. ಕಡಿದ ಮೇಲೆ ಎಷ್ಟು ಕಂಬ ಸಿಕ್ಕರೂ ಅಷ್ಟೇ, ಮಾತು ಮಾತೇ. ಹಾಗಾಗಿ ಈ ಕಸುಬಿಗೆ ಬರುವವರಿಗೆ ನಾನು ಹೇಳುವುದು ಒಂದೇ: ತೋಪಿನ ಅಂಚು ನೋಡಿ ಬೆಲೆ ಕಟ್ಟಬೇಡಿ. ಅಂಚಿನ ಮರಕ್ಕೆ ಬಿಸಿಲು ಜಾಸ್ತಿ, ದಪ್ಪ ಬೆಳೆದಿರುತ್ತದೆ. ಮಾರುವವನು ಅಲ್ಲೇ ನಿಲ್ಲಿಸಿ ಎಳನೀರು ಕೊಡುತ್ತಾನೆ. ಎಳನೀರು ಕುಡಿಯಿರಿ, ಆಮೇಲೆ ನಡುವೆ ಹೊಕ್ಕು ನೋಡಿ. ಒಳಗೆ ಬಡಕಲು ಮರಗಳು ಒಂದಕ್ಕೊಂದು ಒರಗಿಕೊಂಡಿರುತ್ತವೆ. ಬೆಲೆ ಅಲ್ಲಿದೆ.

ನನ್ನ ಗಂಡ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಸಾಧು ಮನುಷ್ಯ. ಅವರು ಕಂಬ ಹತ್ತಿ ಇಳಿದು ಸಂಬಳ ತರುತ್ತಿದ್ದರು, ನಾನು ಕಂಬ ಮಾರಿ ಲಾಭ ತರುತ್ತಿದ್ದೆ. ವ್ಯಾಪಾರದ ಕಡೆ ಅವರು ತಲೆ ಹಾಕಿದವರಲ್ಲ. ಸಂತೆಗೆ ಕಳಿಸಿದರೆ ಸೊಪ್ಪಿನವಳು ಹೇಳಿದ ಬೆಲೆ ಕೊಟ್ಟು, ಮೇಲೆ "ಪಾಪ, ಬಿಸಿಲಲ್ಲಿ ಕೂತಿದ್ಲು" ಅಂತ ಬರುವವರು. ಅಂಥವರ ಕೈಯಲ್ಲಿ ನಾನು ತೋಪು ಬಿಡುತ್ತೇನೆಯೇ?

ಮೊಬೈಲ್ ತೆಗೆದುಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆಗೆ ತಂತಿ ಫೋನು ಬೇಕು ಅಂತ ಅರ್ಜಿ ಹಾಕಿ ವರ್ಷಗಳಾಗಿದ್ದವು. ಪಟ್ಟಣದ ಕಾಂಟ್ರ್ಯಾಕ್ಟರ್, ನನ್ನ ಕಂಬಗಳಲ್ಲಿ ಮುಕ್ಕಾಲು ಪಾಲು ಕೊಳ್ಳುತ್ತಿದ್ದವನು, ಟ್ರ್ಯಾಕ್ಟರ್ ಡ್ರೈವರ್ ಬಾಯಲ್ಲಿ ಹೇಳಿ ಕಳಿಸುತ್ತಿದ್ದ. ಡ್ರೈವರು ಬಾಯಿ ಪಾಠ ಮಾಡಿಕೊಂಡು ಬಂದದ್ದು ದಾರಿಯಲ್ಲಿ ಟೀ ಕುಡಿಯುವಷ್ಟರಲ್ಲಿ ಬೇರೆಯೇ ಆಗುತ್ತಿತ್ತು. ಒಂದು ಸಲ ಮೋಲ್ಡ್ ಮುಗಿದ ಸೈಟಿಗೆ ಲೋಡು ಹೋಗಿ ಹಾಗೇ ವಾಪಸು ಬಂತು. ಕಾಂಟ್ರ್ಯಾಕ್ಟರ್ ಅಂದ, "ಅಕ್ಕಾ, ಒಂದು ಮೊಬೈಲ್ ತಗೊಳ್ಳಿ. ಇಲ್ಲಾಂದ್ರೆ ನಾನು ಫೋನಿರೋ ಕಡೆ ಕಂಬ ತಗೋತೀನಿ." ವ್ಯಾಪಾರ ಕೈಬಿಟ್ಟು ಹೋಗುವ ಮಾತು. ತೆಗೆದುಕೊಂಡೆ.

ಅಂಗಡಿಯವನು ಕೇಳಿದ, "ಯಾರ ಹೆಸರಲ್ಲಿ ಮೇಡಂ? ಸಂಬಳದ ಚೀಟಿ ಇದ್ರೆ ಡಿಪಾಸಿಟ್ ಕಮ್ಮಿ." ಕಮ್ಮಿ ಆಗುತ್ತದೆ ಅಂದ ಮೇಲೆ ಯೋಚಿಸುವುದೇನಿದೆ? ಗಂಡನ ಚೀಟಿ ಕೊಟ್ಟೆ, ಗಂಡನ ಹೆಸರಲ್ಲೇ ಬಂತು. ನೀವೂ ಹಾಗೇ ಮಾಡುತ್ತಿದ್ದಿರಿ, ಸುಮ್ಮನೆ ಇಲ್ಲ ಅನ್ನಬೇಡಿ.

ಆಗಿನ ಮೊಬೈಲಿಗೆ ನಾವು ಮಾಡಿದರೂ ದುಡ್ಡು, ಬೇರೆಯವರು ಮಾಡಿದ್ದನ್ನು ಎತ್ತಿದರೂ ದುಡ್ಡು. ಇದು ಈಗಿನವರಿಗೆ ನಂಬಲು ಕಷ್ಟ. ಯಾರೋ ನಮ್ಮನ್ನು ಮಾತಾಡಿಸಿದ್ದಕ್ಕೆ ನಾವೇಕೆ ದುಡ್ಡು ಕೊಡಬೇಕು ಅಂತ ನಾನು ಅಂಗಡಿಯವನ ಹತ್ತಿರ ಜಗಳ ಆಡಿದೆ, ಅವನು ಹಲ್ಲು ಕಿರಿದ. ಆದರೆ ಎತ್ತದಿದ್ದರೆ ದುಡ್ಡಿಲ್ಲ, ಬಿಲ್ಲಿನಲ್ಲಿ ನಂಬರೂ ಬರುವುದಿಲ್ಲ. ಅದು ನನ್ನ ತಲೆಯಲ್ಲಿ ಕೂತಿತು.

ಸೈಟಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಒಂದು ರೂಪಾಯಿ ನಾಣ್ಯದ ಫೋನಿತ್ತು. ಅದರಲ್ಲೂ ಈ ಕಡೆಯವರು ಎತ್ತಿದ ಮೇಲೆ ನಾಣ್ಯ ಹಾಕಿದರೇ ಮಾತು. ಎತ್ತದಿದ್ದರೆ ನಾಣ್ಯ ಕೈಯಲ್ಲೇ. ಸೈಟಿನ ವಾಚ್‌ಮನ್‌ಗೆ ನಾನು ಹೇಳಿಕೊಟ್ಟೆ: ಒಂದು ಸಲ ಗಂಟೆ ಬಡಿಸಿ ಇಟ್ಟರೆ ಲೋಡು ಮುಟ್ಟಿತು ಅಂತ. ಎರಡು ಬಡಿಸಿದರೆ ನಾಳೆಯೂ ಒಂದು ಲೋಡು ಬೇಕು. ಮೂರು ಬಡಿಸಿದರೆ ದಪ್ಪ ಕಂಬ ಬೇಕು. ನಾಲ್ಕನೇ ಗಂಟೆಗೂ ಬಡಿದುಕೊಳ್ಳುತ್ತಿದ್ದರೆ ಅದು ಮನೆಯದು, ಎತ್ತಬೇಕು. ಮನೆಯವರಿಗೆ ಈ ಲೆಕ್ಕ ಕಲಿಸಲಿಲ್ಲ. ಅತ್ತೆ ಬೂದಿಗೆರೆಯಲ್ಲಿ, ಸಕ್ಕರೆ ಕಾಯಿಲೆಯವರು. ಮಗಳು ದೊಡ್ಡಬಳ್ಳಾಪುರದ ಹಾಸ್ಟೆಲಿನಲ್ಲಿ. ಅವರು ಫೋನ್ ಮಾಡಿದರೆ ಎತ್ತದೆ ಇರಲಾಗುತ್ತದೆಯೇ?

ಅನುಗೊಂಡನಹಳ್ಳಿ ಕಡೆ ತೋಪು ಕಡಿಸುವಾಗ ಸಿಗ್ನಲ್ ಸಿಗುತ್ತಿರಲಿಲ್ಲ. ಕೆರೆ ಏರಿ ಮೇಲೆ ನಿಂತರೆ ಮಾತ್ರ ಬರುತ್ತಿತ್ತು. ಸಂಜೆ ನಾನು ಏರಿ ಮೇಲೆ ನಿಂತಿರುವ ಹೊತ್ತಿಗೆ ವಾಚ್‌ಮನ್ ಗಂಟೆ ಬಡಿಸುತ್ತಿದ್ದ. ಎಣಿಸಿಕೊಂಡು ಕೆಳಗೆ ಮರ ಕಡಿಯುವವರಿಗೆ ಕೂಗಿ ಹೇಳುತ್ತಿದ್ದೆ. ಒಂದು ದಿನವೂ ಲೋಡು ತಪ್ಪಲಿಲ್ಲ. ಹೀಗೆ ಒಂದು ವರ್ಷ ಪೂರ್ತಿ ವ್ಯಾಪಾರ ನಡೆಯಿತು. ಫೋನ್ ಇಲ್ಲದಿದ್ದರೆ ಆ ವ್ಯಾಪಾರ ನಡೆಯುತ್ತಿರಲಿಲ್ಲ, ಮತ್ತು ಆ ವ್ಯಾಪಾರಕ್ಕಾಗಿ ಫೋನಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಹೆಮ್ಮೆ ಪಟ್ಟುಕೊಂಡಿದ್ದೆ.

ಹಳೇ ಲಾರಿ ಕೊಳ್ಳಲು ಬ್ಯಾಂಕಿನವರು ಸಾಲ ಕೊಡಬೇಕಾದರೆ ಆದಾಯ ತೆರಿಗೆಯ ರಿಟರ್ನ್ ಬೇಕು ಅಂದಿದ್ದರು. ಹೊಸಕೋಟೆಯಲ್ಲಿ ಮೆಡಿಕಲ್ ಸ್ಟೋರಿನ ಮೇಲೆ ಒಬ್ಬ ಆಡಿಟರ್ ಇದ್ದ. ವಯಸ್ಸು ಚಿಕ್ಕದು, ಮಾತು ಮೆತ್ತಗೆ. ಡೀಸೆಲ್, ಕೂಲಿ, ಬಾಡಿಗೆ ಎಲ್ಲಾ ಬರೆದುಕೊಂಡ. ನಾನೇ ಕೇಳಿದೆ, "ಫೋನಿಂದು?" ಅವನು, "ಹಾಕ್ಬೋದಮ್ಮ, ವ್ಯಾಪಾರಕ್ಕೆ ತಾನೆ?" ಅಂದ. ವ್ಯಾಪಾರಕ್ಕೇ. ಹಾಕಿದ. ಬೆಂಗಳೂರಿನ ಆಫೀಸಿನಿಂದ ನೋಟೀಸು ಬಂತು. ಎಲ್ಲಾ ಖರ್ಚು ಬಿಟ್ಟು ಫೋನಿನ ಮೇಲೆ ಕಣ್ಣು ಬಿದ್ದಿತ್ತು. ಹಳ್ಳಿ ಕಡೆಯ ಹೆಂಗಸಿಗೆ ಮೊಬೈಲ್ ಯಾಕೆ ಅನ್ನುವುದು ಆಗ ಎಲ್ಲರ ಪ್ರಶ್ನೆ. ಯಾವ ನಂಬರಿಗೆ ಎಷ್ಟು ಮಾತು ಅನ್ನುವ ವಿವರದ ಬಿಲ್ ತನ್ನಿ ಅಂತ ಬರೆದಿದ್ದರು.

ಆಫೀಸರು ಕೆಟ್ಟವರಲ್ಲ. ಅದೇ ಇನ್ನೂ ಉರಿ. ಕೆಟ್ಟವರಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಕೂತ್ಕೊಳ್ಳಿ ಅಂದರು, ನೀರು ತರಿಸಿದರು, ಆಮೇಲೆ ಬಿಲ್ಲನ್ನು ಮೇಜಿನ ಮೇಲೆ ಹರಡಿದರು.

"ಇದು ಯಾರ ಹೆಸರಲ್ಲಿದೆಯಮ್ಮ?"

"ನಮ್ಮನೆಯವರ ಹೆಸರಲ್ಲಿ."

"ಏನ್ಮಾಡ್ತಾರೆ?"

"ಕರೆಂಟ್ ಆಫೀಸಲ್ಲಿ ಲೈನ್‌ಮನ್."

ಏನೋ ಬರೆದುಕೊಂಡರು. "ಈ ಬೂದಿಗೆರೆ ನಂಬರ್ ಯಾರದು?"

"ನಮ್ಮತ್ತೆ ಮನೆ ಪಕ್ಕದ ಅಂಗಡೀದು."

"ಇದು?"

"ಮಗಳ ಹಾಸ್ಟೆಲ್‌ದು."

"ಕಂಬ ತಗೊಳ್ಳೋರ ನಂಬರ್ ಯಾವುದು, ತೋರಿಸಿ."

"ಅದು ಇದರಲ್ಲಿ ಬರಲ್ಲ ಸಾರ್. ಅದನ್ನ ನಾನು ಎತ್ತಲ್ಲ."

ಜೊತೆಗೆ ಬಂದಿದ್ದ ಆಡಿಟರ್ ಪಕ್ಕದಲ್ಲಿ ಕೆಮ್ಮಿದ. ಆಫೀಸರು ಪೆನ್ನು ಕೆಳಗಿಟ್ಟರು. "ವ್ಯಾಪಾರದ ಫೋನ್ ಬಂದ್ರೆ ಎತ್ತಲ್ಲ, ಮನೆಯಿಂದ ಬಂದ್ರೆ ಎತ್ತೀರಿ. ಆದ್ರೆ ಫೋನ್ ಇರೋದು ವ್ಯಾಪಾರಕ್ಕೆ."

"ಹೌದು ಸಾರ್," ಅಂತ ನಾನು ಗಂಟೆಯ ಲೆಕ್ಕ ಎಲ್ಲಾ ಬಿಡಿಸಿ ಹೇಳಿದೆ. ಒಂದು ಅಂದರೆ ಏನು, ಎರಡು ಅಂದರೆ ಏನು. ಹೇಳುತ್ತಾ ಹೇಳುತ್ತಾ, ಈ ಮನುಷ್ಯ ಈಗ ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಪಕ್ಕದ ಮೇಜಿನ ಗುಮಾಸ್ತ ಅಂದ, "ದೇವಸ್ಥಾನದಲ್ಲೂ ಹಂಗೇ ಅಲ್ವಾ ಸಾರ್. ಗಂಟೆ ಹೊಡೆದ್ರೆ ಸಾಕು, ಬೇಕಾದ್ದು ತಲುಪುತ್ತೆ."

ಆಫೀಸರು ನಗಲಿಲ್ಲ. "ನೋಡಿಯಮ್ಮ, ನನಗೆ ಕಾಣೋದು ಹೇಳ್ತೀನಿ. ಫೋನ್ ಗಂಡನ ಹೆಸರಲ್ಲಿದೆ. ಅದರಲ್ಲಿ ನೀವು ಆಡಿರೋದು ಬರೀ ಸಂಸಾರದ ಮಾತು. ಹಂಗಾದ್ರೆ ಈ ವ್ಯಾಪಾರ ನಿಜವಾಗ್ಲೂ ಯಾರು ಮಾಡ್ತಿದ್ದಾರೆ? ನಿಮ್ಮ ಹೆಸರಲ್ಲಿ ಅವರು ಮಾಡ್ತಿದ್ದಾರಾ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮೆಟ್ಟಿಲಿಳಿಯುವಾಗ ಆಡಿಟರ್ ಬಿಡಿಸಿ ಹೇಳಿದ. ಸರ್ಕಾರಿ ಸಂಬಳ ತಿನ್ನುವವರು ವ್ಯಾಪಾರ ಮಾಡುವಂತಿಲ್ಲ. ವ್ಯಾಪಾರ ಗಂಡನದು, ಹೆಂಡತಿ ಹೆಸರು ಮಾತ್ರ ಅಂತ ಈ ಆಫೀಸರು ಬರೆದರೆ, ಆ ಕಾಗದ ಕರೆಂಟ್ ಆಫೀಸಿಗೆ ಹೋಗುತ್ತದೆ. ಸಸ್ಪೆಂಡ್ ಮಾಡಬಹುದು. ಕೆಲಸವೇ ಹೋಗಬಹುದು. "ಹತ್ತು ದಿನ ಟೈಮ್ ಕೇಳಿದೀನಿ. ವ್ಯಾಪಾರ ನಿಮ್ಮದೇ ಅಂತ ಹೇಳೋರನ್ನ ಕರ್ಕೊಂಡು ಬನ್ನಿ" ಅಂದ.

ಬಸ್ಸಿನಲ್ಲಿ ಕೂತು ಒಂದೊಂದೇ ಎಣಿಸಿದೆ. ಎಲೆ ಗುಡಿಸಿದ್ದು ನಾನು, ತೋಪಿನಲ್ಲಿ ಹಾವು ಕಂಡು ಓಡಿದ್ದು ನಾನು, ಬಿದ್ದ ಮರ ಭುಜಕ್ಕೆ ತಾಗಿ ಮೂರು ತಿಂಗಳು ಕೈ ಎತ್ತಲಾರದೆ ಇದ್ದವಳು ನಾನು. ಒಂದು ಹಾಳೆ ನೋಡಿ ಇದೆಲ್ಲಾ ಲೈನ್‌ಮನ್ ಮಾಡಿದ್ದು ಅಂತಾರಲ್ಲ. ಗಂಡನ ಹೆಸರಲ್ಲಿ ವ್ಯಾಪಾರ ಇದ್ದು ಅವನ ಫೋನಿನ ತುಂಬ ಹೆಂಡತಿಯ ತೌರುಮನೆ ನಂಬರಿದ್ದರೆ, ವ್ಯಾಪಾರ ಹೆಂಡತಿಯದು ಅಂತ ಯಾವ ಆಫೀಸರಾದರೂ ಅಂದದ್ದುಂಟೇ?

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ತಟ್ಟೆಯ ಮುಂದೆ ಕೂತವರು ಮುದ್ದೆ ಮುರಿಯಲಿಲ್ಲ. "ಆ ಫೋನ್ ಖರ್ಚು ಬೇಡ ಅಂತ ಬರ್ಕೊಟ್ಬಿಡು," ಅಂದರು. "ತೆರಿಗೆ ಎಷ್ಟಾಗುತ್ತೋ ಕಟ್ಟಿಬಿಡಾಣ. ನಾನು ಕಂಬ ಹತ್ತಿಕೊಂಡು ಇದ್ಬಿಡ್ತೀನಿ."

"ಈಗ ಹಿಂದೆ ತಗೊಂಡ್ರೆ ಸುಳ್ಳು ಹೇಳಿದ್ವಿ ಅಂತ ಒಪ್ಕೊಂಡ ಹಂಗೆ," ಅಂದೆ. "ಕೊಳ್ಳೋನು ಮಾಲಿನ ಮೇಲೆ ಅನುಮಾನ ಪಟ್ಟಾಗ ಬೆಲೆ ಇಳಿಸಬಾರದು. ಇಳಿಸಿದ್ರೆ ಅನುಮಾನ ಗಟ್ಟಿಯಾಗುತ್ತೆ."

"ಇದು ಕಂಬ ಅಲ್ಲ ಕಣೇ. ನನ್ನ ಕೆಲಸ."

ಅವರ ಹೆಸರಲ್ಲಿ ಯಾಕೆ ತೆಗೆದುಕೊಂಡೆ ಅಂತ ಅವರು ಒಂದು ಸಲವೂ ಕೇಳಲಿಲ್ಲ.

ಮಾರನೇ ದಿನ ಕಾಂಟ್ರ್ಯಾಕ್ಟರ್ ಹತ್ತಿರ ಹೋದೆ. ಮೂರನೇ ಅಂತಸ್ತಿನಲ್ಲಿ, ನನ್ನದೇ ಕಂಬಗಳ ನಡುವೆ ನಿಂತಿದ್ದ. ವಿಷಯ ಕೇಳಿ ಎರಡು ಹೆಜ್ಜೆ ಹಿಂದೆ ಸರಿದ.

"ಅಕ್ಕಾ, ನಿಮ್ಮ ಕಾಲು ಬೇಕಾದ್ರೆ ಹಿಡಿತೀನಿ. ಆ ಆಫೀಸಿನ ಮೆಟ್ಟಿಲು ಮಾತ್ರ ಹತ್ತಲ್ಲ."

"ಬಂದು ಒಂದ್ ಮಾತು ಹೇಳು ಸಾಕು. ಕಂಬ ಕೊಡೋಳು ನಾನು ಅಂತ."

"ಹೇಳ್ತೀನಿ. ಆಮೇಲೆ ಅವರು ಕೇಳ್ತಾರೆ, ಎಷ್ಟು ಮನೆಗೆ ತಗೊಂಡೆಪ್ಪಾ, ಆ ಮನೆ ಎಲ್ಲಿದಾವೆ, ದುಡ್ಡು ಎಲ್ಲಿಂದ ಬಂತು ಅಂತ. ನಿಮ್ಮ ಫೋನ್ ಉಳಿಸೋಕೆ ಹೋಗಿ ನಾನು ಮುಳುಗಲಾ?"

ಇವನ ಮೋಲ್ಡು ಒಂದು ದಿನ ನಿಲ್ಲದ ಹಾಗೆ ಕಂಬ ಕಳಿಸಿದವಳು ನಾನು. ಅವತ್ತು ಅವನ ಸೆಂಟ್ರಿಂಗ್ ಎಲ್ಲಾ ಕಳಚಿ ಲಾರಿಗೆ ಹೇರಿಕೊಂಡು ಹೋಗಬೇಕು ಅನ್ನಿಸಿತು. ಆದರೆ ಅವನ ಮಾತಿನಲ್ಲಿ ನನಗೆ ಬೇಕಾದ್ದೊಂದು ಸಿಕ್ಕಿತು. ಕೊಳ್ಳುವವರೆಲ್ಲ ಆ ಆಫೀಸಿಗೆ ಹೆದರುವವರೇ. ಹೆದರದವರು ಯಾರು? ಮಾರುವವರು. ತೋಪಿನ ರೈತನಿಗೆ ಆದಾಯ ತೆರಿಗೆ ಇಲ್ಲ. ಅವನು ಯಾವ ಆಫೀಸರ ಮುಂದೆಯೂ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬಹುದು.

ಅನುಗೊಂಡನಹಳ್ಳಿಯ ಕಡೆ ನನ್ನ ಮೇಲೆ ವಿಶ್ವಾಸ ಇದ್ದ ಒಬ್ಬ ರೈತನ ಹತ್ತಿರ ಟೀ ಅಂಗಡಿಯಲ್ಲಿ ಕೂತು ಮಾತಾಡಿದೆ. "ಬರ್ತೀನಿ ಬಿಡಮ್ಮ, ಅದೇನ್ ದೊಡ್ಡದು" ಅಂದ. ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕ ಗೌಡ ಕೂತಿದ್ದ. ಎರಡು ವರ್ಷದ ಹಿಂದೆ ಅವನ ತೋಪು ಕೊಂಡಿದ್ದೆ, ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ. ಅಂಚಿನಲ್ಲಿ ನಿಲ್ಲಿಸಿ ಬೆಲೆ ಹೇಳಿದವನನ್ನು ನಡುವೆ ಕರೆದುಕೊಂಡು ಹೋಗಿ ಬಡಕಲು ಮರಗಳನ್ನು ಒಂದೊಂದೇ ತೋರಿಸಿ ಬೆಲೆ ಇಳಿಸಿದ್ದೆ. ಅದು ಅವನಿಗೆ ಅವಮಾನವಾಗಿತ್ತು.

ಗೌಡ ಎದ್ದು ಬಂದ. ನನ್ನ ಕಡೆ ನೋಡದೆ ಆ ರೈತನನ್ನೇ ಕೇಳಿದ, "ಎಲ್ಲಿಗ್ಲಾ ಹೋಗೋದು?"

"ಬೆಂಗಳೂರಿಗೆ. ಈವಮ್ಮ ನಮ್ಮ ತೋಪು ತಗೊಂಡಿದ್ದು ಹೆಂಗೆ ಅಂತ ಆಫೀಸರ್ ಮುಂದೆ ಹೇಳ್ಬೇಕಂತೆ."

"ಹಂಗಾದ್ರೆ ನಾನೂ ಬರ್ತೀನಿ. ನಾನೂ ಹೇಳೋದದೆ."

ಆಡಿಟರ್‌ಗೆ ಹೇಳಿದರೆ ಎದೆ ಬಡಿದುಕೊಂಡ. "ಬೇಡಮ್ಮ, ಅವನು ನಿಮ್ಮನ್ನ ಬೈಯೋಕೇ ಬರ್ತಿದ್ದಾನೆ." ನನಗೂ ಅಳುಕಿತ್ತು. ಆದರೆ ಯೋಚಿಸಿ ನೋಡಿ. ಸಂತೆಯಲ್ಲಿ ನಿಮ್ಮ ಮಾಲನ್ನು ನಿಮ್ಮ ನೆಂಟ ಹೊಗಳಿದರೆ ಯಾರು ನಂಬುತ್ತಾರೆ? ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಗೌಡ ನನ್ನ ದುಡ್ಡಿನಲ್ಲಿ ಟಿಕೆಟ್ ತಗೊಂಡು, ನನ್ನ ದುಡ್ಡಿನಲ್ಲಿ ಮಸಾಲೆ ದೋಸೆ ತಿಂದು, ನನ್ನ ಮುಖ ನೋಡದೆ ಬಂದ.

ಆಫೀಸಿನಲ್ಲಿ ಮೊದಲು ವಿಶ್ವಾಸದ ರೈತ. "ಈವಮ್ಮ ದೇವರಂಥೋರು ಸ್ವಾಮಿ, ಕೇಳಿದ್ದಷ್ಟೂ ಕೊಟ್ರು" ಅಂದ. ಆಫೀಸರು ಬರೆಯುವುದನ್ನು ನಿಲ್ಲಿಸಿದರು. ಕೇಳಿದ್ದಷ್ಟೂ ಕೊಡುವ ವ್ಯಾಪಾರಿ ಅಂದರೆ ಹೇಳಿಕೊಟ್ಟು ಕರೆತಂದ ಸಾಕ್ಷಿ ಅಂತ ಯಾರಿಗಾದರೂ ತಿಳಿಯುತ್ತದೆ.

ಆಮೇಲೆ ಗೌಡನ ಕಡೆ ತಿರುಗಿದರು. "ನೀವು ತೋಪು ಯಾರಿಗೆ ಮಾರಿದ್ರಿ?"

"ಮಾರಿದ್ದೆಲ್ಲಿ ಬಂತು ಸ್ವಾಮಿ. ಕಿತ್ಕೊಂಡ್ಲು."

"ಯಾರು?"

"ಇವಳೇ. ಏನೂ ತಿಳೀದೋಳ ಹಂಗೆ ಸೆರಗು ಹೊದ್ದು ಕೂತವ್ಳಲ್ಲ, ಇವಳು. ನಾನು ಬೆಲೆ ಹೇಳ್ದಾಗ ಎಳನೀರು ಕುಡಿದ್ಲು, ಆಮೇಲೆ ಒಳಕ್ಕೆ ನುಗ್ಗಿ ಒಂದೊಂದು ಮರಾನೂ ಮುಟ್ಟಿ ಮುಟ್ಟಿ ಹೀಗಳೆದ್ಲು. ಮಗಳ ಮದುವೇಲಿ ಬೀಗರೂ ಹಂಗೆ ಹೀಗಳೆದಿರಲಿಲ್ಲ."

"ಇವರ ಗಂಡ ಬಂದಿದ್ರಾ ಜೊತೇಲಿ?"

"ಗಂಡ ಬಂದಿದ್ರೆ ನಾನು ಬದುಕ್ಕೋತಿದ್ನಲ್ಲ ಸ್ವಾಮಿ. ಆ ಪುಣ್ಯಾತ್ಮ ನಮ್ಮೂರಿಗೆ ಫ್ಯೂಸ್ ಹಾಕೋಕೆ ಬರ್ತಾನೆ. ಕೊಟ್ಟ ಮಜ್ಜಿಗೆ ಕುಡಿದು ಹೋಗ್ತಾನೆ. ಅವನಿಗೆ ಬೇವಿನ ಮರಾನೇ ನೀಲಗಿರಿ ಅಂತ ಮಾರ್ಬೋದು."

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದ. ಆಫೀಸರ ತುಟಿಯೂ ಅಲುಗಿತು. "ಇವರ ಕೈಲಿ ಫೋನ್ ನೋಡಿದೀರಾ?"

"ನೋಡದೇನು. ಸಂಜೆ ಕೆರೆ ಏರಿ ಮೇಲೆ ಕೊಕ್ಕರೆ ಹಂಗೆ ನಿಂತಿರ್ತಾಳೆ. ಅದು ಬಡ್ಕೊಂಡ್ರೆ ಎತ್ತಲ್ಲ, ಸುಮ್ನೆ ನೋಡ್ತಾಳೆ. ಆಮೇಲೆ ಆಳುಗಳಿಗೆ ನಾಳೆ ಇಂಥಾ ಮರ ಬೀಳಿಸಿ ಅಂತ ಕೂಗ್ತಾಳೆ. ನಮ್ಮೂರಲ್ಲಿ ಇವಳಿಗೆ ಮಾಟ ಗೊತ್ತು ಅಂತ ಮಾತು." ಇಷ್ಟು ಹೇಳಿ ಮೇಜಿನ ಮೇಲೆ ಬಾಗಿದ. "ಈಗ ನೀವು ಸರ್ಕಾರದೋರು. ನನ್ನ ತೋಪಿಗೆ ಇವಳು ಇಳಿಸಿದಷ್ಟು ಬೆಲೆ ಇವಳ ಕೈಲೇ ಕೊಡಿಸಿ."

"ಅದು ನಮ್ಮ ಇಲಾಖೆ ಅಲ್ಲ ಗೌಡ್ರೇ," ಅಂದರು ಆಫೀಸರು. ಇಬ್ಬರಿಗೂ ಹೊರಗೆ ಕೂರಲು ಹೇಳಿದರು. ಗೌಡ ಮೋಸ ಹೋದವನ ಹಾಗೆ ಎದ್ದು ಹೋದ.

"ಸರಿಯಮ್ಮ. ವ್ಯಾಪಾರ ನಿಮ್ಮದೇ," ಅಂದರು. ಆಡಿಟರ್ ಉಸಿರು ಬಿಟ್ಟಿದ್ದು ಕೇಳಿಸಿತು. ನಾನು ಬಿಡಲಿಲ್ಲ, ಅವರ ಪೆನ್ನನ್ನೇ ನೋಡುತ್ತಿದ್ದೆ. "ಆದ್ರೆ ಫೋನಿನ ಖರ್ಚು ಪೂರ್ತಿ ತೆಗೆದುಹಾಕ್ತೀನಿ. ಗಂಡನ ಹೆಸರಲ್ಲಿದೆ, ಅವರ ಉಪಯೋಗಕ್ಕೆ ಅಂತ ಬರೀತೀನಿ."

ನೋಡಿ, ಮುಂಬಾಗಿಲಲ್ಲಿ ಹೋದ ಹಾವು ಹಿತ್ತಿಲಲ್ಲಿ ಬಂತು. ಆ ಒಂದು ಸಾಲು ಯಾರ ಕೈಗಾದರೂ ಸಿಕ್ಕರೆ? ವ್ಯಾಪಾರದ ಲೆಕ್ಕದಲ್ಲಿ ಲೈನ್‌ಮನ್‌ನ ಫೋನು.

"ಪೂರ್ತಿ ಬೇಕಾದ್ರೂ ತೆಗೀರಿ ಸಾರ್," ಅಂದೆ. "ಆದ್ರೆ ಫೋನ್ ನನ್ನದು, ನಾನು ಇಟ್ಕೊಂಡಿದ್ದು ಅಂತ ಬರೀರಿ."

"ನಿಮ್ಮದು ಅಂತ ಬರೆದ್ರೆ ಪೂರ್ತಿ ತೆಗೆಯೋಕೆ ನನಗೆ ಕಾರಣ ಏನಿರುತ್ತೆ?"

"ಅದನ್ನೇ ನಾನೂ ಹೋದ ಸಲದಿಂದ ಕೇಳ್ತಿರೋದು."

ಅವರು ಬಿಲ್ಲನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ, "ಅರ್ಧ" ಅಂದರು. "ನಿಮ್ಮದು ಅಂತಾನೇ ಬರೀತೀನಿ. ಮನೆ ಮಾತಿಗೆ ಅರ್ಧ ತೆಗೀತೀನಿ."

"ಕಾಲು ಮಾಡಿ ಸಾರ್."

"ಇದು ಸಂತೆ ಅಲ್ಲಮ್ಮ."

"ಅರ್ಧ ಅನ್ನೋದು ಯಾವ ಪುಸ್ತಕದಲ್ಲಿದೆ ಸಾರ್? ನೀವೂ ಕಣ್ಣಳತೇಲೇ ಹೇಳಿದ್ದು. ನಾನು ಕಣ್ಣಳತೆ ಹೇಳೋ ಮುಂಚೆ ತೋಪಿನ ಒಳಗೆ ಹೋಗಿ ಬರ್ತೀನಿ. ನೀವು ಅಂಚಲ್ಲೇ ನಿಂತಿದೀರಿ."

ಆಡಿಟರ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಆಫೀಸರು ಅರ್ಧದಿಂದ ಕದಲಲಿಲ್ಲ. ಫೋನ್ ನನ್ನದು ಅನ್ನುವ ಸಾಲು ಅವರು ಬರೆದದ್ದನ್ನು ಆಡಿಟರ್ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದ ಮೇಲೆ ನಾನೂ ಒಪ್ಪಿದೆ.

ಮನೆಯಲ್ಲಿ ಅವತ್ತು ಗಂಡ ಎರಡು ಮುದ್ದೆ ಉಂಡರು. ಆಡಿಟರ್ "ಗೆದ್ವಿ" ಅಂದ. ನೆಂಟರೆಲ್ಲ "ಇನ್ನೇನು, ಬಿಡು" ಅಂದರು. ನಾನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಏನು ಗೆದ್ದದ್ದು? ನನ್ನ ವ್ಯಾಪಾರ ನನ್ನದು ಅಂತ ಒಪ್ಪಿಸಲು ನಾನು ಅರ್ಧ ಖರ್ಚನ್ನು ಬಿಟ್ಟುಕೊಡಬೇಕಾಯಿತು. ಪರರ ತೋಪಿಗೆ ಚೌಕಾಸಿ ಮಾಡಿದ್ದೇನೆ, ಅದು ಕಸುಬು. ನನ್ನದಕ್ಕೇ ನಾನು ಚೌಕಾಸಿ ಮಾಡಿದ್ದು ಅದೊಂದೇ ಸಲ.

ಸಣ್ಣ ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ ಅದಕ್ಕೇ ಹೇಳುತ್ತೇನೆ: ಡಿಪಾಸಿಟ್ ಜಾಸ್ತಿಯಾದರೂ ಕಟ್ಟಿ, ಫೋನು ನಿಮ್ಮ ಹೆಸರಲ್ಲೇ ಇರಲಿ. ನಾನು ಅದೇ ವಾರ ಹೋಗಿ ಹೆಸರು ಬದಲಾಯಿಸಿದೆ. ಎರಡನೆಯದು, ಆಡಿಟರ್ ಕೊಟ್ಟ ಬುದ್ಧಿ. "ಅಮ್ಮಾ, ಇನ್ನು ಮೇಲೆ ಎತ್ತಿ. ಎತ್ತಿದ್ರೆ ಬಿಲ್ಲಲ್ಲಿ ಬರುತ್ತೆ. ಬಂದ್ರೆ ಯಾರೂ ಕೇಳಲ್ಲ." ದುಡ್ಡು ಉಳಿಸಿದ್ದಕ್ಕೆ ದಂಡ ಹಾಕುವ ಊರಿನಲ್ಲಿ ದುಂದು ಮಾಡುವುದೇ ಲಾಭ ಅಂತ ಅವನ ಮಾತಿನ ಅರ್ಥ. ಹಲ್ಲು ಕಚ್ಚಿ ಒಪ್ಪಿದೆ.

ಮೊದಲ ಸಂಜೆ ಒಂದನೇ ಗಂಟೆಗೇ ಎತ್ತಿದೆ. ಆ ಕಡೆ ವಾಚ್‌ಮನ್ ಬೆಚ್ಚಿ ನಾಣ್ಯ ಹಾಕಿದ. "ಯಾಕಕ್ಕ ಎತ್ತಿದ್ರಿ? ಏನಾಯ್ತು?"

"ಏನಿಲ್ಲ. ಮಾತಾಡು."

"ಲೋಡ್ ಬಂತು."

"ಇನ್ನೇನು?"

"ಇನ್ನೇನಿಲ್ಲ. ನಂದು ಒಂದ್ರೂಪಾಯಿ ಹೋಯ್ತು."

"ಕೊಡ್ತೀನಿ. ನಾಣ್ಯ ಇರೋ ತನಕ ಏನಾದ್ರೂ ಹೇಳು."

ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಕೊನೆಗೆ ಊರಲ್ಲಿ ಬಿಟ್ಟು ಬಂದ ಹಸುವಿನ ಕೆಚ್ಚಲು ಬಾತಿರುವ ವಿಷಯ ಹೇಳಿದ. ಅರಿಶಿನ ಹಚ್ಚು ಅಂದೆ. ಮಾರನೇ ದಿನ ಹಚ್ಚಿದ ಸುದ್ದಿ ಬಂತು. ಆಮೇಲೆ ಅವನ ತಮ್ಮನ ಪಾಲಿನ ಜಗಳ ಬಂತು, ನಾದಿನಿಯ ಸಂಬಂಧ ಬಂತು. ದಿನಾ ಸಂಜೆ ನಾನು ಏರಿ ಮೇಲೆ ನಿಂತು, ನಿಮಿಷಕ್ಕೆ ನಿಮಿಷ ದುಡ್ಡು ತೆತ್ತು, ಆ ಸಂಸಾರಕ್ಕೆ ಬುದ್ಧಿ ಹೇಳಿದೆ.

ಮುಂದಿನ ವರ್ಷ ಅದೇ ಆಫೀಸಿನಲ್ಲಿ ಅದೇ ಆಫೀಸರು ಬಿಲ್ಲಿನ ಮೇಲೆ ಬೆರಳು ಓಡಿಸಿದರು. ಹಾಳೆ ತುಂಬ ಒಂದೇ ನಂಬರು.

"ಇದು ಯಾರದು?"

"ಕಂಬ ಹೋಗೋ ಸೈಟಿಂದು ಸಾರ್."

"ನೋಡಿ, ವ್ಯಾಪಾರದ ಫೋನ್ ಅಂದ್ರೆ ಹಿಂಗಿರ್ಬೇಕು," ಅಂದರು. ಪೂರ್ತಿ ಖರ್ಚು, ಒಂದು ಪೈಸೆ ತೆಗೆಯದೆ ಒಪ್ಪಿದರು. ಅದರಲ್ಲಿ ಕಂಬದ ಮಾತು ದಿನಕ್ಕೆ ಒಂದು ಉಸಿರಿನಷ್ಟು. ಉಳಿದದ್ದೆಲ್ಲ ಒಬ್ಬ ವಾಚ್‌ಮನ್‌ನ ಹಸುವಿನ ಕೆಚ್ಚಲು.